ಅಲುಗದ ಮುಳ್ಳು

ಬ್ಯಾಟರಿಯ ಗುಂಡಿ ಒತ್ತಿದ ಕೂಡಲೇ ಪೆಟ್ರೋಲಿನ ಒತ್ತಡ ತೋರಿಸುವ ಮುಳ್ಳು ಎದ್ದು ಹಸಿರು ಪಟ್ಟಿಯ ನಟ್ಟನಡುವೆ ನಿಂತುಬಿಟ್ಟಿತು. ಪಂಪು ಇನ್ನೂ ಹಾಕಿರಲಿಲ್ಲ. ಎಂಜಿನ್ನು ನಿನ್ನೆ ಸಂಜೆಯಿಂದ ತಣ್ಣಗೆ ಕೂತಿತ್ತು. ರೆಕ್ಕೆಯ ಮೇಲೆ ಮೊಣಕಾಲೂರಿ ಕಾಕ್‌ಪಿಟ್ಟಿನೊಳಕ್ಕೆ ಬಗ್ಗಿದ್ದ ಅವನು ಗೇಜಿನ ಗಾಜನ್ನು ಉಗುರಿನಿಂದ ಒಮ್ಮೆ ಕುಟ್ಟಿದ, ಇನ್ನೊಮ್ಮೆ ಕುಟ್ಟಿದ. ಮುಳ್ಳು ಕದಲಲಿಲ್ಲ. ಸೀಟಿನಲ್ಲಿ ಕೂತು ಭುಜದ ಪಟ್ಟಿ ಬಿಗಿದುಕೊಳ್ಳುತ್ತಿದ್ದ ಭಾವ ಕನ್ನಡಕದ ಮೇಲಿನಿಂದ ಗೇಜನ್ನು ನೋಡಿ, ಆಮೇಲೆ ಅವನನ್ನು ನೋಡಿ, "ಏನ್ ಡಾಕ್ಟ್ರೇ, ಪಂಪ್ ಹಾಕೋಕ್ ಮುಂಚೇನೇ ಬಂದು ನಿಂತಿದೆ. ಸರಿ ಇದೆ ತಾನೆ?" ಎಂದರು. "ಸರಿ ಇದೆ ಭಾವ" ಎಂದ ಅವನು. ಯೋಚಿಸಿ ಹೇಳಿದ್ದಲ್ಲ, ಯೋಚಿಸಿದ್ದರೆ ಬೇರೇನಾದರೂ ಹೇಳುತ್ತಿದ್ದನೋ ಏನೋ. ಬಾಯಿ ತಾನಾಗಿ ಹೇಳಿತು. ಅಷ್ಟಕ್ಕೇ ನಿಲ್ಲದೆ, ನಿನ್ನೆಯ ಒತ್ತಡ ಕೊಳವೆಯಲ್ಲಿ ಹಾಗೇ ಉಳಿದುಕೊಂಡಿದೆ, ಕವಾಟಗಳು ಚೆನ್ನಾಗಿ ಹಿಡಿದಿವೆ ಎಂದರ್ಥ ಎಂದು ವಿವರಣೆಯನ್ನೂ ಸೇರಿಸಿತು. ಭಾವ ತಲೆಯಾಡಿಸಿ ಪಟ್ಟಿಯ ಕೊಂಡಿ ಸಿಕ್ಕಿಸಿಕೊಂಡರು. ಮುಳ್ಳುಗಳ ವಿಷಯವೆಲ್ಲ ಅವನದು ಎಂದು ಒಂಬತ್ತು ವರ್ಷದ ಹಿಂದೆಯೇ ಇಬ್ಬರ ನಡುವೆ ತೀರ್ಮಾನವಾಗಿತ್ತು.

ಭಾವ ಅವನ ಹೆಂಡತಿಯ ಅಣ್ಣ. ಮೂವತ್ತು ವರ್ಷ ಪುಟ್ಟ ವಿಮಾನದಲ್ಲಿ ಹೊಲಗಳ ಮೇಲೆ ಔಷಧಿ ಸಿಂಪಡಿಸಿದವರು, ವಿದ್ಯುತ್ ತಂತಿಗಳ ಅಡಿಯಲ್ಲಿ ನುಸುಳಿ ಹೋಗಿ ಮನೆಗೆ ಬಂದು ಅದನ್ನು ತಮಾಷೆ ಮಾಡಿ ಹೇಳಿದವರು. ಅವನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಕಳಿಸಿದ ಅಚ್ಚನ್ನು ಮುಂದಿಟ್ಟುಕೊಂಡು ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನ ವಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುವುದು ಅವನ ಕಸುಬು. ಆ ಹಲ್ಲು ಹಾಕಿಕೊಂಡು ನಗುವ ಬಾಯಿಗಳನ್ನು, ಒಂದನ್ನು ಬಿಟ್ಟರೆ, ಅವನು ನೋಡಿದ್ದಿಲ್ಲ. ಮದುವೆಯಾದ ಹೊಸತರಲ್ಲಿ ಭಾವ ತಮ್ಮ ಗೆಳೆಯರ ನಡುವೆ ಅವನನ್ನು "ನಮ್ಮ ಡಾಕ್ಟ್ರು" ಎಂದು ಪರಿಚಯಿಸಿದ್ದರು. ಗೆಳೆಯರಲ್ಲೊಬ್ಬ ಅದನ್ನು ನಿಜವೆಂದೇ ನಂಬಿ, ಅಲ್ಲೇ ಬಾಯಿ ಕಳೆದು ನೋಯುವ ದವಡೆ ತೋರಿಸಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಹೆಸರು ಅಂಟಿಕೊಂಡಿತು. ಭಾವನಿಗೆ ಅದರಲ್ಲಿ ಅಣಕವೇನೂ ಇರಲಿಲ್ಲ, ಪ್ರೀತಿಯೇ ಇತ್ತು ಎಂದು ಹೆಂಡತಿ ಸಾವಿರ ಸಲ ಹೇಳಿದ್ದಳು. ಇದ್ದಿರಬಹುದು. ಆದರೂ ಒಂಬತ್ತು ವರ್ಷದ ಹಿಂದೆ ಭಾವ ಬಂದು, ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುವ ವಿಮಾನವೊಂದನ್ನು ನಾವೇ ಕೂಡಿಸೋಣ, ನಿನ್ನ ಕೈಯಷ್ಟು ನಾಜೂಕಿನ ಕೈ ನಾನು ಕಂಡಿಲ್ಲ ಎಂದಾಗ ಅವನಿಗೆ ಕಣ್ಣಲ್ಲಿ ನೀರು ಬಂದಿತ್ತು. ಆ ನಾಜೂಕಿನ ಕೈ ಈಗ ಕಾಕ್‌ಪಿಟ್ಟಿನ ಅಂಚನ್ನು ಹಿಡಿದುಕೊಂಡಿತ್ತು.

ರೆಕ್ಕೆಯಿಂದ ಇಳಿದು ಅವನು ಬೆಂಕಿ ನಂದಿಸುವ ಕೆಂಪು ಸಿಲಿಂಡರನ್ನು ಎತ್ತಿಕೊಂಡು ಎಂಜಿನ್ನಿನ ಬದಿಗೆ ಬಂದು ನಿಂತ. ಅದು ಅವನ ಜಾಗ. ಶೆಡ್ಡಿನ ತಗಡಿನ ಬಾಗಿಲು ಪೂರ್ತಿ ತೆರೆದಿತ್ತು. ಆಚೆ ಖಾಲಿ ರನ್‌ವೇ, ಅದರಾಚೆ ಒಂದು ಇಟ್ಟಿಗೆ ಕಾರ್ಖಾನೆ, ಕಾರ್ಖಾನೆಯ ಬೆನ್ನಿಗೆ ಹೊಸದಾಗಿ ಎದ್ದ ಮನೆಗಳು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಜೋತುಬಿದ್ದಿತ್ತು, ಅಂದರೆ ಗಾಳಿಯಿಲ್ಲ. ಮೊದಲ ಹಾರಾಟಕ್ಕೆ ಇದಕ್ಕಿಂತ ಒಳ್ಳೆಯ ಬೆಳಿಗ್ಗೆ ಸಿಗದು. ಸಿಕ್ಕರೂ ಉಪಯೋಗವಿಲ್ಲ. ಭಾವನ ಪೈಲಟ್ ಲೈಸೆನ್ಸಿಗೆ ಬೇಕಾದ ವೈದ್ಯರ ಚೀಟಿ ಈ ತಿಂಗಳ ಕೊನೆಗೆ ಮುಗಿಯುತ್ತದೆ, ಅಂದರೆ ಇನ್ನು ಆರು ದಿನ. ಹೃದಯದ ಚಿತ್ರ ನೋಡಿದ ವೈದ್ಯರು ಮತ್ತೆ ಬರೆದುಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ವಿಮಾನಯಾನ ಇಲಾಖೆಯ ಇನ್‌ಸ್ಪೆಕ್ಟರ್ ನಿನ್ನೆ ಬಂದು ಎಲ್ಲ ಪರೀಕ್ಷಿಸಿ ಕಾಗದಕ್ಕೆ ಸಹಿ ಹಾಕಿದ್ದರು. ಇಂಧನದ ಕೊಳವೆಗಳಲ್ಲಿ ಇನ್ನು ಒಂದು ನಟ್ಟು ಬಿಚ್ಚಿದರೂ ಆ ಸಹಿ ಸತ್ತಂತೆ, ಅವರು ಮತ್ತೆ ಬರಬೇಕು, ಅವರ ಮುಂದಿನ ಸರದಿ ಬರುವ ತಿಂಗಳ ಮಧ್ಯದಲ್ಲಿ. ಇದನ್ನೆಲ್ಲ ಅವನು ಎಷ್ಟು ಸಲ ಲೆಕ್ಕ ಹಾಕಿದ್ದನೆಂದರೆ ಅದು ಕೊನೆಗೆ ಲೆಕ್ಕವಾಗಿ ಉಳಿಯದೆ ತಾನು ಸುಮ್ಮನಿರಲು ಒಂದು ಕಾರಣವಾಗಿಬಿಟ್ಟಿತ್ತು.

ತೊಂದರೆ ಶುರುವಾದದ್ದು ನಾಲ್ಕು ತಿಂಗಳ ಹಿಂದೆ, ಎಂಜಿನ್ನನ್ನು ಮೊದಲ ಸಲ ಪೂರ್ತಿ ವೇಗಕ್ಕೆ ಒಯ್ದಾಗ. ಟರ್ಬೊ ಇರುವ ಎಂಜಿನ್ನು ಅದು. ತಾನು ಬಿಟ್ಟ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿಕೊಂಡು, ಆ ಚಕ್ರದಿಂದ ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುಂಬಿಕೊಳ್ಳುತ್ತದೆ. ಒಳಗೆ ಗಾಳಿಯ ಒತ್ತಡ ಏರಿದಂತೆ ಪೆಟ್ರೋಲಿನ ಒತ್ತಡವೂ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಏರಬೇಕು. ಏರದಿದ್ದರೆ ಗಾಳಿಯೇ ಪೆಟ್ರೋಲನ್ನು ತಡೆದು ನಿಲ್ಲಿಸುತ್ತದೆ, ಎಂಜಿನ್ನು ಉಪವಾಸ ಬಿದ್ದು ನಿಲ್ಲುತ್ತದೆ. ಪೂರ್ತಿ ವೇಗ ಬೇಕಾಗುವುದು ನೆಲ ಬಿಟ್ಟೇಳುವಾಗ. ಅಂದರೆ ನಿಲ್ಲುವುದೂ ಆಗಲೇ, ಇಟ್ಟಿಗೆ ಕಾರ್ಖಾನೆಯ ಚಿಮಣಿಯಷ್ಟು ಎತ್ತರದಲ್ಲಿ, ಎದುರಿಗೆ ಮನೆಗಳಿರುವಾಗ. ಆ ದಿನ ಮುಳ್ಳು ಮೇಲೇರಿತು, ಏರಿ ಚಳಿ ಹಿಡಿದಂತೆ ನಡುಗತೊಡಗಿತು. ಭಾವ ಎಂಜಿನ್ನು ಇಳಿಸಿದರು. ಪಂಪು ಇರಬೇಕು ಎಂದರು, ಪಂಪು ಬದಲಾಯಿತು. ಸೋಸುವ ಜಾಲರಿ ಬದಲಾಯಿತು. ಒತ್ತಡ ಅಳೆದು ಮುಳ್ಳಿಗೆ ತಿಳಿಸುವ ಸೆನ್ಸರ್ ಬದಲಾಯಿತು, ಅದರ ವೈರು ಬದಲಾಯಿತು, ಟ್ಯಾಂಕು ಬರಿದು ಮಾಡಿ ಟಾರ್ಚು ಹಾಕಿ ಒಳಗೆ ನೋಡಿದ್ದಾಯಿತು. ಪ್ರತಿ ಶನಿವಾರ ಒಂದೊಂದು ಊಹೆ, ಪ್ರತಿ ಭಾನುವಾರ ಅದೇ ನಡುಕ. ಭಾವ ಒಮ್ಮೆಯೂ ರೇಗಲಿಲ್ಲ. "ಏನ್ ಡಾಕ್ಟ್ರೇ, ರೋಗ ಸಿಕ್ತಾ?" ಎಂದು ಮಾತ್ರ ಕೇಳುತ್ತಿದ್ದರು. ರೇಗಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ವಾರವಿಡೀ ಕೆಲಸದ ಮೇಜಿನ ಮುಂದೆ ಕೂತು ಯಾರದೋ ಮುಂಬಲ್ಲುಗಳನ್ನು ಉಜ್ಜುವಾಗಲೂ ಅವನ ಕಣ್ಣೊಳಗೆ ಆ ಮುಳ್ಳು ನಡುಗುತ್ತಿರುತ್ತಿತ್ತು.

ಹಾಗೆ ಉಜ್ಜುತ್ತಿರುವಾಗಲೇ ಅದು ಹೊಳೆದದ್ದು. ಪಂಪಿನ ಮಿಡಿತವೇ ಮುಳ್ಳನ್ನು ನಡುಗಿಸುತ್ತಿದೆಯೋ ಅಥವಾ ಒತ್ತಡ ನಿಜವಾಗಿಯೇ ಬೀಳುತ್ತಿದೆಯೋ ತಿಳಿಯಬೇಕಾದರೆ ಸೆನ್ಸರಿಗೆ ಹೋಗುವ ದಾರಿಯನ್ನು ಕಿರಿದು ಮಾಡಿ ನೋಡಬೇಕು. ಬಲ್ಲವರು ಹಾಗೆ ಮಾಡುತ್ತಾರೆಂದು ಎಲ್ಲೋ ಓದಿದ್ದ. ಹೆಂಡತಿಯ ಬಾಚಣಿಗೆಯಿಂದ ಒಂದು ಕೂದಲು ತೆಗೆದು, ಅದನ್ನು ನಡುವೆ ಎಳೆದು ಹಿಡಿದು, ಸುತ್ತ ವಸಡಿನ ಗುಲಾಬಿ ಪ್ಲಾಸ್ಟಿಕ್ಕನ್ನು ಎರೆದ. ಗಟ್ಟಿಯಾದ ಮೇಲೆ ಕೂದಲನ್ನು ಹಿಂದಕ್ಕೆ ಸೆಳೆದ. ಜೀರಿಗೆಗಿಂತ ಸ್ವಲ್ಪ ದಪ್ಪನೆಯ ಒಂದು ಮಣಿ, ಅದರ ನಡುವೆ ಕೂದಲಿನಷ್ಟೇ ರಂಧ್ರ. ಅಷ್ಟು ಅಂದದ ಕೆಲಸ ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಹದಿನೈದು ದಿನದ ಹಿಂದೆ, ಭಾವ ಬರುವ ಮೊದಲೇ ಶೆಡ್ಡಿಗೆ ಹೋಗಿ ಸೆನ್ಸರಿನ ಬಾಯಲ್ಲಿ ಅದನ್ನು ಕೂರಿಸಿದ. ಒಂದು ಪರೀಕ್ಷೆ, ಅಷ್ಟೆ. ನೋಡಿ ಹೇಳಿ ತೆಗೆದರಾಯಿತು. ಆದರೆ ಭಾವ ಬಂದವರೇ ಕೂತು ಎಂಜಿನ್ನನ್ನು ಪೂರ್ತಿ ವೇಗಕ್ಕೆ ಒಯ್ದರು, ಮುಳ್ಳು ಏರಿ ಹಸಿರಿನಲ್ಲಿ ನಿಂತಿತು. ಕಲ್ಲಿನ ಹಾಗೆ ನಿಂತಿತು. ಭಾವ ಎಂಜಿನ್ನು ನಿಲ್ಲಿಸಿ, ಕೆಳಗೆ ಧುಮುಕಿ, ಅರವತ್ತೇಳು ವರ್ಷದ ಮನುಷ್ಯ, ಅವನನ್ನು ಅಪ್ಪಿಕೊಂಡು ಅತ್ತುಬಿಟ್ಟರು. "ನಿನ್ ಕೈಲಿ ಏನೋ ಇದೆ ಕಣೋ" ಎಂದರು. ಡಾಕ್ಟ್ರೇ ಎನ್ನಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಡಾಕ್ಟ್ರೇ ಎನ್ನಲಿಲ್ಲ. ಆ ಅಪ್ಪುಗೆಯೊಳಗೆ ನಿಂತು ಅವನು, ಈಗ ಹೇಳಬೇಕು, ಈಗಲೇ, ಎಂದುಕೊಂಡ. ಆಮೇಲೆ, ಸಂಜೆ ಹೇಳೋಣ ಎಂದುಕೊಂಡ. ಸಂಜೆಗೆ ಭಾವ ಇಡೀ ಬಳಗಕ್ಕೆ ಫೋನು ಮಾಡಿ ಸುದ್ದಿ ಮುಟ್ಟಿಸಿದ್ದರು.

ಈಗ ಎಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು. ಪ್ರೊಪೆಲ್ಲರಿನ ಗಾಳಿ ಅಂಗಿಯನ್ನು ಮೈಗೆ ಅಂಟಿಸಿತು. ಬಿಸಿಯಾಗಲು ಐದು ನಿಮಿಷ ಬೇಕು, ಆಮೇಲೆ ಭಾವ ಹೆಬ್ಬೆರಳು ತೋರಿಸುತ್ತಾರೆ, ಅವನು ಚಕ್ರಕ್ಕೆ ಕೊಟ್ಟ ಮರದ ತುಂಡುಗಳನ್ನು ಎಳೆದು ಪಕ್ಕಕ್ಕೆ ಸರಿಯಬೇಕು. ಐದು ನಿಮಿಷ. ಹದಿನೈದು ದಿನ ಹೇಳಲಾಗದ್ದನ್ನು ಐದು ನಿಮಿಷದಲ್ಲಿ ಹೇಳುವುದು ಹೇಗೆ? ಮೊನ್ನೆಯವರೆಗೂ ಅವನಲ್ಲಿ ಒಂದು ವಾದವಾದರೂ ಇತ್ತು: ಮುಳ್ಳು ಮಣಿಯಿಂದ ನಿಂತಿದೆ, ಅಂದರೆ ನಡುಕ ಬರೀ ಪಂಪಿನ ಮಿಡಿತ, ಒತ್ತಡ ಸರಿಯಾಗಿಯೇ ಇದೆ. ಆ ವಾದವನ್ನು ತಬ್ಬಿಕೊಂಡೇ ಅವನು ನಿದ್ದೆ ಮಾಡಿದ್ದ. ನಿನ್ನೆ ಇನ್‌ಸ್ಪೆಕ್ಟರ್ ಹೋದಮೇಲೆ ಎಂಜಿನ್ನು ನಿಂತು ಅರ್ಧ ಗಂಟೆಯಾದರೂ ಮುಳ್ಳು ಇಳಿಯದಿದ್ದಾಗ ವಾದದ ಬುಡ ಅಲ್ಲಾಡಿತು. ಇವತ್ತು ಬೆಳಿಗ್ಗೆ ಅದು ಮುರಿದೇ ಬಿತ್ತು. ಪ್ಲಾಸ್ಟಿಕ್ಕು ಪೆಟ್ರೋಲು ಕುಡಿದು ಉಬ್ಬಿದೆ, ಕೂದಲಿನಷ್ಟಿದ್ದ ರಂಧ್ರವೂ ಮುಚ್ಚಿಹೋಗಿದೆ. ಬಾಯಿಗೆ ಹಾಕುವ ವಸ್ತು ಉಗುಳಿನಲ್ಲಿ ಏನಾಗುತ್ತದೆಂದು ಅವನಿಗೆ ಗೊತ್ತು, ಪೆಟ್ರೋಲಿನಲ್ಲಿ ಏನಾಗುತ್ತದೆಂದು ಯೋಚಿಸಿಯೇ ಇರಲಿಲ್ಲ. ಆ ಮುಳ್ಳು ಈಗ ಏನನ್ನೂ ತೋರಿಸುತ್ತಿಲ್ಲ. ಎಂಜಿನ್ನು ಉಪವಾಸದಿಂದ ಸಾಯುವಾಗಲೂ ಅದು ಹಸಿರಿನಲ್ಲೇ ನಿಂತಿರುತ್ತದೆ, ಭಾವ ಅದನ್ನೇ ನಂಬಿ ನೋಡುತ್ತಿರುತ್ತಾರೆ.

ನಿನ್ನೆ ರಾತ್ರಿ ಭಾವನ ಮನೆಯಲ್ಲಿ ಊಟ. ಬೇಡವೆಂದರೂ ಬಿಡದೆ ಕರೆದಿದ್ದರು. ಭಾವನ ಹೆಂಡತಿ ಅವನ ತಟ್ಟೆಗೆ ಎರಡನೆಯ ಸಲ ಬಡಿಸುತ್ತ, ಇವರನ್ನ ಮೇಲಕ್ಕೆ ಕಳಿಸ್ತಿರೋದು ನಿನ್ನ ಧೈರ್ಯದ ಮೇಲೇನೇ ಎಂದಿದ್ದರು. ಅವನು ತಲೆ ತಗ್ಗಿಸಿ ಉಂಡ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಹೆಮ್ಮೆಯಿಂದ ಮೊಣಕೈಯಲ್ಲಿ ತಿವಿದಳು. ಆಗ, ಬಾಯಲ್ಲಿ ತುತ್ತಿರುವಾಗ, ಅವನ ಮನಸ್ಸಿನೊಳಗೆ ಒಂದು ಚಿತ್ರ ಬಂತು: ಮನೆಗಳ ನಡುವೆ ಹೊಗೆ, ಓಡುವ ಜನ, ಅಳುವ ಹೆಂಡತಿ, ಅವಳ ಭುಜ ಹಿಡಿದು ನಿಂತ ತಾನು. ಅಷ್ಟೇ ಆಗಿದ್ದರೆ ಭಯ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಚಿತ್ರದ ಕೊನೆಗೆ ಒಂದು ಸಣ್ಣ ಸಮಾಧಾನವೂ ಇತ್ತು: ಆ ಬೆಂಕಿಯಲ್ಲಿ ಪ್ಲಾಸ್ಟಿಕ್ ಮಣಿ ಉಳಿಯುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ತನ್ನೊಳಗೆ ಹೀಗೊಬ್ಬ ಕೂತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ತುತ್ತು ಗಂಟಲಲ್ಲೇ ನಿಂತು ಕೆಮ್ಮು ಬಂತು. ಭಾವ ಎದ್ದು ಬಂದು ನೀರು ಕೊಟ್ಟು ಬೆನ್ನು ಸವರಿದರು.

ಭಾವನ ಹೆಬ್ಬೆರಳು ಮೇಲೆದ್ದಿತು. ಅವನು ಬಗ್ಗಿ ಮರದ ತುಂಡಿನ ಹಗ್ಗ ಹಿಡಿದ. ಎಳೆಯಬೇಕು. ಕೈ ಎಳೆಯಲಿಲ್ಲ. ಮೇಲೆ ನೋಡಿದರೆ ಗಾಜಿನ ಹಿಂದೆ ಭಾವ ನಗುತ್ತ ಮತ್ತೊಮ್ಮೆ ಹೆಬ್ಬೆರಳು ತೋರಿಸಿದರು, ಕೇಳಿಸದಿದ್ದವನಿಗೆ ತೋರಿಸುವಂತೆ. ಆ ನಗುವಿನಲ್ಲಿ ಎದುರಿನ ಎರಡು ಹಲ್ಲು ಅವನೇ ಮಾಡಿಕೊಟ್ಟವು. ತಾನು ಮಾಡಿದ ಹಲ್ಲು ನಗುವುದನ್ನು ಅವನು ಕಂಡಿದ್ದರೆ ಈ ಒಂದು ಬಾಯಿಯಲ್ಲಿ ಮಾತ್ರ. ಅವನು ಹಗ್ಗ ಬಿಟ್ಟು ಎದ್ದು, ಪ್ರೊಪೆಲ್ಲರಿನಿಂದ ದೂರ ನಡೆದು ವಿಮಾನದ ಎದುರಿಗೆ ಬಂದು, ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡ ಹಿಡಿದ. ನಿಲ್ಲಿಸಿ ಎಂಬ ಸನ್ನೆ. ಭಾವನ ನಗು ಹೋಯಿತು. ಎಂಜಿನ್ನು ನಿಂತಿತು. ರೆಕ್ಕೆ ಹತ್ತಿ ಹೋಗುವಾಗ ಕಾಲು ಜಾರಿ ಮೊಣಕಾಲು ತರಚಿತು, ಆ ನೋವು ಹಿತವೆನಿಸಿತು.

"ಆ ಮುಳ್ಳು ಅಲ್ಲಾಡ್ತಾ ಇಲ್ಲ ಭಾವ" ಎಂದ. "ಯಾಕಂದ್ರೆ ಅಲ್ಲಾಡದ ಹಾಗೆ ನಾನು ಮಾಡಿದೀನಿ."

ಭಾವ ಕಿವಿಯ ಮೇಲಿನ ಹೆಡ್‌ಫೋನನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಬಿಡಿಸಿ ಹೇಳು ಎಂದರು. ಅವನು ಹೇಳಿದ. ಬಾಚಣಿಗೆ, ಕೂದಲು, ಗುಲಾಬಿ ಪ್ಲಾಸ್ಟಿಕ್ಕು, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ರಂಧ್ರ ಎಷ್ಟು ನಾಜೂಕಾಗಿ ಬಂದಿತ್ತೆಂದೂ ಹೇಳಿಬಿಟ್ಟು, ತನ್ನ ದನಿಯಲ್ಲಿ ಹೆಚ್ಚುಗಾರಿಕೆ ಇಣುಕಿದ್ದು ಕೇಳಿಸಿ, ಅಲ್ಲೇ ನೆಲ ಬಿರಿದು ನುಂಗಬಾರದೆ ಅನ್ನಿಸಿತು. ಭಾವ ರನ್‌ವೇಯ ಕಡೆಗೇ ನೋಡುತ್ತಿದ್ದರು. ಎಷ್ಟು ದಿನವಾಯಿತು ಎಂದು ಕೇಳಿದರು. ಹದಿನೈದು ದಿನ ಎಂದ.

"ನಿನ್ನೆ ನಮ್ಮನೇಲಿ ಊಟಕ್ಕೆ ಕೂತಿದ್ದಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಬೈಗುಳಕ್ಕೆ ಅವನು ಮೈಯೆಲ್ಲ ಬಿಗಿ ಮಾಡಿಕೊಂಡಿದ್ದ. ಒಂದು ಏಟು ಬಿದ್ದರೂ ಸರಿ ಎಂದುಕೊಂಡಿದ್ದ. ಬಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವ ಪಟ್ಟಿ ಬಿಚ್ಚಿಕೊಂಡರು. "ತೆಗಿ ಅದನ್ನ" ಎಂದರು, ಅಷ್ಟೆ. ಅವನು ಎಂಜಿನ್ನಿನ ಮುಚ್ಚಳ ತೆರೆದು ಸೆನ್ಸರ್ ಬಿಚ್ಚಿದ. ಇನ್‌ಸ್ಪೆಕ್ಟರರ ಸಹಿ ಅಲ್ಲಿಗೆ ಹೋಯಿತು, ಭಾವನ ಆರು ದಿನವೂ ಅದರ ಜೊತೆಗೆ ಹೋಯಿತು. ಇಬ್ಬರಿಗೂ ಅದು ಗೊತ್ತಿತ್ತು. ಮಣಿ ಉಬ್ಬಿ ಸಿಕ್ಕಿಹಾಕಿಕೊಂಡಿತ್ತು. ಹಲ್ಲಿನ ಕೆಲಸದ ಚೂಪು ಕಡ್ಡಿಯಿಂದ ಕೆದಕಿ ಕೆದಕಿ ತೆಗೆಯಬೇಕಾಯಿತು. ಭಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ಸಾಮಾನಿನ ತಟ್ಟೆಗೆ ಹಾಕಿ, ಮತ್ತೆ ಹತ್ತಿ ಕೂತರು. ಚಕ್ರಕ್ಕೆ ಮರದ ತುಂಡು ಇದ್ದ ಹಾಗೆಯೇ ಎಂಜಿನ್ನು ಪೂರ್ತಿ ವೇಗಕ್ಕೆ ಹೋಯಿತು. ಅವನು ರೆಕ್ಕೆಯ ಬುಡದಲ್ಲಿ ನಿಂತು ಗೇಜನ್ನು ನೋಡಿದ. ಮುಳ್ಳು ಏರಿತು, ನಡುಗಿತು. ಹತ್ತು ಸೆಕೆಂಡು ಬರೀ ನಡುಗಿತು. ಹಿಂದೆಲ್ಲ ಈ ಹೊತ್ತಿಗೆ ಭಾವ ಎಂಜಿನ್ನು ಇಳಿಸಿಬಿಡುತ್ತಿದ್ದರು. ಇವತ್ತು ಇಳಿಸಲಿಲ್ಲ. ಇಪ್ಪತ್ತು ಸೆಕೆಂಡು. ಆಮೇಲೆ ಮುಳ್ಳು ಕೆಳಗಿಳಿಯತೊಡಗಿತು, ಹಸಿರು ದಾಟಿ, ಹಳದಿ ದಾಟಿ, ಕೆಂಪಿಗೆ ಬಂದದ್ದೇ ಎಂಜಿನ್ನು ಬಿಕ್ಕಳಿಸಿ, ಕೆಮ್ಮಿ, ತಾನಾಗಿ ಸತ್ತುಹೋಯಿತು. ಇಪ್ಪತ್ತೆಂಟು ಸೆಕೆಂಡು. ಅಷ್ಟರಲ್ಲಿ ವಿಮಾನ ಎಲ್ಲಿರುತ್ತಿತ್ತೆಂದು ಭಾವನಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಪ್ರತಿ ಸಲ ಅವರು ಎಂಜಿನ್ನು ಆರಿದ ಮೇಲೆಯೇ ಮುಚ್ಚಳ ತೆಗೆಯುತ್ತಿದ್ದರು, ಕೈ ಸುಡಬಾರದೆಂದು. ನಡುವೆ ಚಹಾ ಕುಡಿಯುತ್ತಿದ್ದರು. ಇವತ್ತು ಚಹಾ ಯಾರಿಗೂ ಬೇಕಿರಲಿಲ್ಲ. ಭಾವ ಇಳಿದು ಬಂದವರೇ ಒಂದು ಬಟ್ಟೆ ಸುತ್ತಿಕೊಂಡು ಕುದಿಯುವ ಎಂಜಿನ್ನಿನೊಳಕ್ಕೆ ಕೈ ಹಾಕಿ ಒಂದೊಂದೇ ಕೊಳವೆಯನ್ನು ತಡಕುತ್ತ ಹೋದರು. ಟರ್ಬೊದ ಬೆನ್ನಿಗೆ ಕೈ ಹೋದಾಗ ನಿಂತರು. ಒಳಗೆ ಗಾಳಿಯ ಒತ್ತಡ ಏರಿದೆ, ಪೆಟ್ರೋಲನ್ನೂ ಏರಿಸು ಎಂದು ಸುದ್ದಿ ಒಯ್ಯುವ ಬೆರಳು ದಪ್ಪದ ರಬ್ಬರ್ ಕೊಳವೆ ಅದು. ಬಿಸಿಗೆ ಮೆತ್ತಗಾಗಿ, ಹಿಡಿದಿಟ್ಟ ಕ್ಲಾಂಪಿನ ಅಡಿಯಲ್ಲಿ ಚಪ್ಪಟೆಯಾಗಿ ಮುಚ್ಚಿಕೊಂಡಿತ್ತು. ಆರಿದ ಮೇಲೆ ಮತ್ತೆ ಗುಂಡಗಾಗುತ್ತಿತ್ತು. ನಾಲ್ಕು ತಿಂಗಳು ಇಬ್ಬರೂ ನೋಡಿದ್ದು ಗುಂಡಗಿದ್ದ ಕೊಳವೆಯನ್ನೇ. ಆ ಕ್ಲಾಂಪನ್ನು ಅಲ್ಲಿ ಹಾಕಿದವರು ಭಾವ. ಅಂದವಾಗಿ ಕಾಣುತ್ತದೆ ಎಂದು ಅವರೇ ಆ ಕೊಳವೆಯನ್ನು ಟರ್ಬೊಗೆ ಒರಗಿಸಿ ಒಯ್ದಿದ್ದರು. ಅದು ನೆನಪಾದದ್ದೇ ಅವನ ಎದೆಯಲ್ಲಿ ಏನೋ ಹಗುರವಾಯಿತು. ತಪ್ಪು ತನ್ನದಲ್ಲ, ಮೂಲ ತಪ್ಪು ತನ್ನದಲ್ಲ! ಮರುಕ್ಷಣವೇ ಆ ಹಗುರಕ್ಕೆ ನಾಚಿ ಮುಖ ಬಿಸಿಯಾಯಿತು. ಭಾವ ಕೈ ಹೊರಗೆಳೆದು ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು, ತೆಗೆದು, "ನಂದೇ ತಪ್ಪು. ನಾನೇ ಹಾಕಿದ್ದು ಇದು" ಎಂದರು. ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವಷ್ಟು ಸಲೀಸಾಗಿ. ಅವನಿಗೆ ಹದಿನೈದು ದಿನ ಹಿಡಿದದ್ದನ್ನು ಭಾವ ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ಜೇಬಿನಲ್ಲಿ ಫೋನು ಅದುರಿತು. ಹೆಂಡತಿ. ಅಣ್ಣ ಹಾರಿದನಾ ಎಂದು ಕೇಳಲು. ಅವನು ಫೋನು ಹಿಡಿದುಕೊಂಡು ಭಾವನ ಮುಖ ನೋಡಿದ. ಭಾವ ಫೋನು ತೆಗೆದುಕೊಂಡು, ಇವತ್ತು ಆಗಲಿಲ್ಲಮ್ಮ, ಒಂದು ಕೊಳವೆ ಕೈ ಕೊಡ್ತು, ನಿನ್ನ ಯಜಮಾನ್ರು ಸಮಯಕ್ಕೆ ಸರಿಯಾಗಿ ನಿಲ್ಲಿಸಿದ್ರು ಎಂದರು. ಇಲ್ಲ, ಬೇರೆ ಪೈಲಟ್ ಯಾರಾದರೂ ಹಾರಿಸುತ್ತಾರೆ, ನಾನು ಕೆಳಗೆ ನಿಂತು ನೋಡ್ತೀನಿ, ಅದರಲ್ಲೇನು ಎಂದು ನಕ್ಕರು. ಫೋನು ಹಿಂದಕ್ಕೆ ಕೊಡುವಾಗ ನಗು ಇರಲಿಲ್ಲ. "ಅವಳಿಗೆ ಇದು ಗೊತ್ತಾಗೋದು ಬೇಡ" ಎಂದರು. ಅವನು ತಲೆಯಾಡಿಸಿದ.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ನು ಆರಿತು. ಬಿಸಿ ತಡೆಯುವ ಹೊಸ ಕೊಳವೆಯನ್ನು ಅಳತೆಗೆ ಕತ್ತರಿಸಿ, ಟರ್ಬೊದಿಂದ ದೂರ ತಂದು, ಎರಡು ಕಡೆ ಕೂರಿಸಿದ್ದಾಯಿತು. ಇಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದರು, ಅದು ಕೊಡು, ಇದು ಹಿಡಿ. ಎಷ್ಟು ಬಲಕ್ಕೆ ಬಿಗಿಯಬೇಕೋ ಅಷ್ಟಕ್ಕೆ ಟಿಕ್ ಎನ್ನುವ ಉದ್ದನೆಯ ಸ್ಪ್ಯಾನರನ್ನು ತೆಗೆದುಕೊಂಡು ಅವನು ಮೊದಲ ನಟ್ಟನ್ನು ಬಿಗಿದ. ಟಿಕ್ ಎಂದಿತು. ಸ್ಪ್ಯಾನರನ್ನು ತಟ್ಟೆಯಲ್ಲಿಟ್ಟು ಎರಡನೆಯ ನಟ್ಟಿಗೆ ಕೈ ಚಾಚುವಾಗ ಭಾವ ಅವನ ಪಕ್ಕಕ್ಕೆ ಬಂದರು. ಸ್ಪ್ಯಾನರನ್ನು ಎತ್ತಿಕೊಂಡರು. ಅದರ ಹಿಡಿಯ ಮೇಲಿನ ಅಂಕಿಯನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. ಅವನು ಆಗಷ್ಟೇ ಬಿಗಿದ ನಟ್ಟಿಗೆ ಅದನ್ನು ಸಿಕ್ಕಿಸಿ ಒತ್ತಿದರು. ಟಿಕ್. ನಟ್ಟು ಒಂದಿಷ್ಟೂ ತಿರುಗಲಿಲ್ಲ, ಸರಿಯಾಗಿಯೇ ಬಿಗಿದಿತ್ತು. ಈ ವಿಮಾನದಲ್ಲಿ ಅವನು ಬಿಗಿದ ನಟ್ಟುಗಳು ಎರಡು ಸಾವಿರಕ್ಕೆ ಕಡಿಮೆಯಿರಲಾರವು, ಒಂಬತ್ತು ವರ್ಷದಲ್ಲಿ ಭಾವ ಅವುಗಳಲ್ಲಿ ಒಂದನ್ನೂ ಮತ್ತೆ ಮುಟ್ಟಿ ನೋಡಿದವರಲ್ಲ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸ್ಪ್ಯಾನರನ್ನು ಅವನ ಕೈಗೆ ಕೊಟ್ಟರು. ಅವನು ಎರಡನೆಯ ನಟ್ಟನ್ನು ಬಿಗಿದ, ಟಿಕ್ ಎನ್ನುವವರೆಗೆ. ಆಮೇಲೆ, ಅವರು ಕೇಳುವ ಮೊದಲೇ, ಸ್ಪ್ಯಾನರನ್ನು ಅವರ ಕಡೆಗೆ ಚಾಚಿ, ಪಕ್ಕಕ್ಕೆ ಸರಿದು ಜಾಗ ಬಿಟ್ಟು ನಿಂತ.